ಮಲ್ಲಾಪುರದ ಸಾಹೇಬರ ಎರೆಹುಳಗಳು

ಈ ಸಲ ಮೊದಲ ಮಳೆ ಬಿದ್ದ ಮೇಲೆ ಶಾಲೆಯ ಕೈತೋಟದಲ್ಲಿ ಬಾಳೆ ನೆಡಲು ಗುಂಡಿ ತೋಡಿಸುತ್ತಿದ್ದೆ. ಗುದ್ದಲಿಯ ಏಟಿಗೆ ಬೆರಳು ದಪ್ಪದ ಎರೆಹುಳವೊಂದು ಹೊರಬಿತ್ತು. ಅದರ ಜೊತೆಗೇ ಕೊಳೆತ ಎಲೆಯ, ಹಳೇ ಸೆಗಣಿಯ, ಮಳೆ ಕುಡಿದ ಕೆಂಪು ಮಣ್ಣಿನ ವಾಸನೆ ಬಂತು. ಮಣ್ಣಿನ ವಾಸನೆ ಎಂದರೆ ಜನ ಕಣ್ಣು ಮುಚ್ಚಿ ಸುಖಪಡುತ್ತಾರೆ. ನನಗೆ ಹಾಗಾಗುವುದಿಲ್ಲ. ಆ ವಾಸನೆ ಮೂಗಿಗೆ ಬಿದ್ದರೆ ಸಾಕು, ಒಬ್ಬ ಮನುಷ್ಯನ ಮುಖ ಕಣ್ಣೆದುರು ಬರುತ್ತದೆ, ಸಿಟ್ಟು ಹೊತ್ತಿಕೊಳ್ಳುತ್ತದೆ. ವಯಸ್ಸಾದಂತೆ ಸಿಟ್ಟು ಇಳಿಯುತ್ತದೆ ಎಂದು ಹೇಳುವವರಿದ್ದಾರೆ. ಅವರಿಗೆ ಸರಿಯಾದ ಸಿಟ್ಟು ಬಂದೇ ಇಲ್ಲ ಎಂದು ನನ್ನ ಅನುಮಾನ.

ಅದು ಎರಡು ಸಾವಿರದ ದಶಕದ ನಡುವಿನ ಒಂದು ಮಳೆಗಾಲ. ನಾನು ಟೀಚರ್ ಟ್ರೇನಿಂಗ್ ಮುಗಿಸಿ ನೇಮಕದ ದಾರಿ ನೋಡುತ್ತ ಅಂಕೋಲೆಯ ಕಡಲ ದಂಡೆಯ ನಮ್ಮ ಮನೆಯಲ್ಲಿದ್ದೆ. ಅಪ್ಪ ದೋಣಿಯ ತಾಂಡೇಲ. ಅಂದರೆ ದೋಣಿಯನ್ನು ನಡೆಸುವವ, ಬಲೆ ಎಲ್ಲಿ ಬಿಡಬೇಕು ಎಂದು ಹೇಳುವವ, ಅವನ ಮಾತಿನ ಮೇಲೆ ಉಳಿದವರು ಹುಟ್ಟು ಹಾಕಬೇಕು. ಆ ವರ್ಷ ಮಳೆಗಾಲಕ್ಕೆ ಮುಂಚೆ ದೋಣಿಯನ್ನು ದಡಕ್ಕೆ ಎಳೆಯುವಾಗ ಅಡಿಗೆ ಕೊಟ್ಟ ದಿಮ್ಮಿ ಜಾರಿ ಅಪ್ಪನ ಬಲಗಾಲಿನ ಮೇಲೆ ಹೋಯಿತು. ಮೂಳೆ ಕೂಡಿತು, ಮೊಣಕಾಲು ಮಡಚಲಿಲ್ಲ. ಇನ್ನು ದೋಣಿ ಹತ್ತುವುದು ಆಗದ ಮಾತು ಎಂದು ಕಾರವಾರದ ಡಾಕ್ಟರರು ಹೇಳಿದ ದಿನದಿಂದ ಅಪ್ಪ ಮಾತು ನಿಲ್ಲಿಸಿದರು. ಊಟಕ್ಕೆ ಕರೆದರೆ ಹೂಂ, ಸಾಕೇ ಎಂದರೆ ಹೂಂ. ಜಗಲಿಯ ಮೇಲೆ ಕಾಲು ಚಾಚಿ ಕೂತು ಮಳೆ ನೋಡುತ್ತಿದ್ದರು.

ಅವರ ಬಾಯಿ ಬಿಡಿಸಿದ್ದು ಕಪ್ಪೆ. ನಮ್ಮ ಬಾವಿಯ ಪಕ್ಕ ಚಿರೆಕಲ್ಲು ತೆಗೆದ ಹಳೆಯ ಹೊಂಡವೊಂದಿತ್ತು. ಮೊದಲ ದೊಡ್ಡ ಮಳೆಗೆ ಅದು ತುಂಬಿದ್ದೇ ತಡ, ಎಲ್ಲಿದ್ದವೋ ಏನೋ, ಗೋಂಕರು ಕಪ್ಪೆಗಳು ಬಂದು ಕೂತವು. ಅರಿಶಿನದಲ್ಲಿ ಅದ್ದಿ ತೆಗೆದ ಹಾಗೆ ಹಳದಿ, ಗಂಟಲ ಎರಡೂ ಬದಿಗೆ ನೀಲಿ ಚೀಲ. ಒಂದು ವಾರ ಕಿವಿ ಕಿತ್ತುಹೋಗುವಂತೆ ಕೂಗಿ ಉಳಿದವು ಗದ್ದೆಯ ಕಡೆ ಹೋದವು. ಒಂದು ಮಾತ್ರ ಹೋಗಲಿಲ್ಲ. ಅದರ ಮೇಲ್ತುಟಿ ಸೀಳಿತ್ತು, ಯಾರದೋ ಗಾಳಕ್ಕೆ ಸಿಕ್ಕಿ ತಪ್ಪಿಸಿಕೊಂಡಿರಬೇಕು. ಅದು ದಿನಾ ಸಂಜೆ ಹೊಂಡದಿಂದ ಹತ್ತಿ ಬಂದು ಜಗಲಿಯ ಮೆಟ್ಟಿಲ ಹತ್ತಿರ ಅಪ್ಪನ ಎದುರಿಗೇ ಕೂರುತ್ತಿತ್ತು. ಒಂದು ಸಂಜೆ ಅಪ್ಪ ನನ್ನನ್ನು ಕರೆದು, ತಾಂಡೇಲನಿಗೆ ಏನಾದರೂ ತಿನ್ನಲು ಕೊಡು ಎಂದರು. ನನಗೆ ತಿಳಿಯಲಿಲ್ಲ. ಕಪ್ಪೆಯ ಕಡೆ ಬೆರಳು ತೋರಿಸಿದರು. ಆ ತಿಂಗಳಲ್ಲಿ ಅವರು ಆಡಿದ ಮೊದಲ ಪೂರ್ತಿ ಮಾತು ಅದು. ಅಮ್ಮ ಒಳಗೆ ಹೋಗಿ ಸೆರಗಿನಿಂದ ಕಣ್ಣು ಒರೆಸಿಕೊಂಡಳು.

ಕಪ್ಪೆಗೆ ಸತ್ತದ್ದು ಬೇಡ, ಕಣ್ಣೆದುರು ಮಿಸುಕಾಡಬೇಕು. ಬಚ್ಚಲ ನೀರು ಹರಿಯುವಲ್ಲಿ ಕೆದಕಿದರೆ ಸಿಗುವ ದಾರದಂಥ ಹುಳಗಳು ಆ ದೇಹಕ್ಕೆ ಯಾವ ಮೂಲೆಗೂ ಸಾಲುತ್ತಿರಲಿಲ್ಲ. ಆಗ ಎಲ್ಲಿ ನೋಡಿದರೂ ಎರೆಹುಳ ಗೊಬ್ಬರದ ಹುಚ್ಚು. ನೆರೆಮನೆಯವರು ತೊಟ್ಟಿ ಕಟ್ಟಿಸಿದ್ದರು, ಕೇಳಿದ್ದಕ್ಕೆ ಒಂದು ಬೊಗಸೆ ಕೆಂಪು ಹುಳ ಕೊಟ್ಟರು. ತಾಂಡೇಲ ಒಂದನ್ನು ಬಾಯಿಗೆ ಹಾಕಿಕೊಂಡ, ತಕ್ಷಣ ಉಗುಳಿದ, ಮುಂಗಾಲಿನಿಂದ ಬಾಯಿ ಒರೆಸಿಕೊಂಡ. ಆ ಗೊಬ್ಬರದ ಹುಳ ಮುಟ್ಟಿದರೆ ಹಳದಿ ರಸ ಬಿಡುತ್ತದೆ, ಕೆಟ್ಟ ವಾಸನೆ. ಮೀನು ಸಾರಿಗೆ ಉಪ್ಪು ಹೆಚ್ಚಾದಾಗ ಅಪ್ಪನೂ ಹಾಗೇ ಬಾಯಿ ಒರೆಸಿಕೊಳ್ಳುತ್ತಿದ್ದರು. ಅದನ್ನು ನಾನು ಹೇಳಿದ್ದಕ್ಕೆ ಅಪ್ಪ ನಕ್ಕರು.

ಅಂದೇ ನಿರ್ಧರಿಸಿದೆ, ಎಲ್ಲಿಂದಾದರೂ ದೊಡ್ಡ ಹುಳ ತರಲೇಬೇಕು. ಕಪ್ಪೆ ಹಸಿದು ಗದ್ದೆಗೆ ಹೋಯಿತೆಂದರೆ ಅಪ್ಪನ ಮಾತೂ ಅದರ ಹಿಂದೆಯೇ ಹೋಗುತ್ತದೆ ಎಂದು ನನಗೆ ಭಯ.

ಮಳೆಗಾಲದಲ್ಲಿ ಬೋಟುಗಳಿಗೆ ಸಮುದ್ರ ಬಂದ್. ಅಮ್ಮ ಆಗ ಒಣಮೀನಿನ ಬುಟ್ಟಿ ಹೊತ್ತು ಬಸ್ಸು ಹಿಡಿದು ಹಿಲ್ಲೂರಿನ ಕಡೆ ಹೋಗುತ್ತಿದ್ದಳು. ಅಲ್ಲಿ ದೇವಕ್ಕ ಎಂಬ ಗದ್ದೆ ಕೆಲಸದ ಹೆಂಗಸು ಅವಳ ಹಳೇ ಗಿರಾಕಿ, ಗಿರಾಕಿಗಿಂತ ಹೆಚ್ಚು ಗೆಳತಿ. ನಾನೂ ಜೊತೆಗೆ ಹೋದೆ. ದೇವಕ್ಕನ ಮನೆಯ ಹಿಂದೆ ಬಾಳೆಯ ಬುಡದಲ್ಲಿ ಚಕ್ಕುಲಿ ಸುತ್ತಿಟ್ಟಂತೆ ಹುಳದ ಹಿಕ್ಕೆ ಗುಪ್ಪೆಗುಪ್ಪೆಯಾಗಿ ಬಿದ್ದಿತ್ತು. ಅಲ್ಲಿ ಅಗೆದರೆ ಮುಂಗೈ ಉದ್ದದ, ಬೆನ್ನು ನೀಲಿಗಪ್ಪಾದ ಹುಳಗಳು. ಒಂದನ್ನು ಹಿಡಿದು ಎಳೆದೆ, ಅರ್ಧ ಕೈಗೆ ಬಂತು, ಅರ್ಧ ಮಣ್ಣಿನೊಳಗೇ ಹೋಯಿತು. ದೇವಕ್ಕ ನನ್ನ ಕೈ ಹಿಡಿದು ನಿಲ್ಲಿಸಿದಳು.

"ಎಳೀಬೇಡ ತಂಗಿ. ಹಿಡ್ಕಂಡ್ ಸುಮ್ನೆ ಕೂತ್ಕ. ಅದ್ಕೇ ಬೇಜಾರ್ ಬಂದ್ ಸಡ್ಲ ಬಿಡ್ತದೆ."

ಹಾಗೇ ಆಯಿತು. ಮಧ್ಯಾಹ್ನದೊಳಗೆ ಅಮ್ಮನ ಖಾಲಿ ಬುಟ್ಟಿಯ ತುಂಬ ಹುಳ. ಮೇಲೆ ಕೆಸುವಿನ ಎಲೆ ಮುಚ್ಚಿ, ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ತಂದೆವು. ಮನೆಯಲ್ಲಿ ಎಲೆ ತೆಗೆದು ನೋಡಿದರೆ ಒಂದೂ ಬದುಕಿಲ್ಲ, ಎಲ್ಲ ಬಿಳಿಚಿ ಲೋಳೆಯಾಗಿ ಬಿದ್ದಿದ್ದವು. ತಲೆತಲಾಂತರದಿಂದ ಮೀನು ಹೊತ್ತ ಮನೆ ನಮ್ಮದು, ನಮಗೆ ಬುಟ್ಟಿ ಎಂದರೆ ಬುಟ್ಟಿ. ಅದರ ಬಿದಿರಿನ ಸೀಳು ಸೀಳಿನಲ್ಲೂ ಒಣಮೀನಿನ ಉಪ್ಪು ಕೂತಿದೆ, ಆ ಉಪ್ಪು ಹುಳದ ಜೀವ ಹೀರುತ್ತದೆ ಎನ್ನುವುದು ನಮ್ಮಿಬ್ಬರ ತಲೆಗೂ ಹೊಳೆಯಲಿಲ್ಲ. ಗದ್ದೆಯ ಜನ ಯಾರೂ ಮಾಡದ ತಪ್ಪು ಅದು. ದೇವಕ್ಕ ಮುಂದಿನ ವಾರ ಅದನ್ನು ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕು, ತನ್ನ ಮನೆಯಿಂದ ಉಪ್ಪು ಮುಟ್ಟದ ಹೊಸ ಬುಟ್ಟಿ ಕೊಟ್ಟು ಕಳಿಸಿದಳು.

ನಮ್ಮ ಮನೆಯ ಮಣ್ಣು ಮರಳು, ಗಾಳಿಯಲ್ಲೂ ಉಪ್ಪು. ಅಲ್ಲಿ ಆ ಕಾಡಿನ ಹುಳ ಸಾಕುವುದು ಸುಲಭವಿರಲಿಲ್ಲ. ಮುಚ್ಚಳ ಒಡೆದ ಮೀನಿನ ಐಸ್ ಪೆಟ್ಟಿಗೆಯೊಂದನ್ನು ಸಿಹಿನೀರಿನಲ್ಲಿ ಮತ್ತೆ ಮತ್ತೆ ತೊಳೆದು, ತಳಕ್ಕೆ ತೂತು ಕೊರೆದು, ಹಿಲ್ಲೂರಿನ ಕೆಂಪು ಮಣ್ಣು, ಹಲಸಿನ ಕೊಳೆತ ಎಲೆ, ವರ್ಷ ಹಳತಾದ ಸೆಗಣಿ ತುಂಬಿದೆ. ಹೊಸ ಸೆಗಣಿ ಹಾಕಿದರೆ ಬಿಸಿಗೆ ಸಾಯುತ್ತವೆ, ನೀರು ನಿಂತರೆ ಪೆಟ್ಟಿಗೆ ಬಿಟ್ಟು ಹತ್ತಿ ಓಡುತ್ತವೆ. ಇದೆಲ್ಲ ಕೆಟ್ಟು ಕಲಿತದ್ದು. ಮಳೆ ಜೋರಾದಾಗ ಅಪ್ಪ ಊರುಗೋಲು ಹಿಡಿದು ಎದ್ದು ಹೋಗಿ ಪೆಟ್ಟಿಗೆಯ ಮೇಲೆ ತಾಡಪಾಲು ಎಳೆಯುವರು. ಕಾಲು ಮುರಿದ ಮೇಲೆ ಅವರು ತಾವಾಗಿ ಎದ್ದದ್ದು ಅದೇ ಮೊದಲು. ಒಂದು ದಿನ ಮಣ್ಣಿನಲ್ಲಿ ಹುಳದ ಮೊಟ್ಟೆಚೀಲ ಸಿಕ್ಕಿತು, ಜೋಳದ ಕಾಳಿನಷ್ಟು. ಅಪ್ಪ ಅದನ್ನು ಅಂಗೈಯಲ್ಲಿಟ್ಟುಕೊಂಡು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

ಇನ್ನು ಆ ಮನುಷ್ಯನ ವಿಷಯ. ದತ್ತಣ್ಣ ಕುಮಟಾ ಕಡೆಯವ, ಕಾರವಾರದಲ್ಲಿ ನೆಲೆಸಿ ಟೆಂಪೋದಲ್ಲಿ ಗೋವಾಕ್ಕೆ ಮೀನು ಸಾಗಿಸುತ್ತಿದ್ದ. ಅಪ್ಪನ ದೋಣಿಯ ಮೀನನ್ನು ಎಷ್ಟೋ ವರ್ಷ ಒಯ್ದವ, ನಮ್ಮ ಮನೆಯ ಚಹಾ ಕುಡಿದವ. ಅಪ್ಪನನ್ನು ನೋಡಲೆಂದು ಬಂದವನು ಐಸ್ ಪೆಟ್ಟಿಗೆ ನೋಡಿ, ಹುಳ ನೋಡಿ, ತಾಂಡೇಲ ಒಂದು ಹುಳವನ್ನು ಎರಡು ಗುಟುಕಿಗೆ ಒಳಗೆ ತಳ್ಳುವುದನ್ನು ನೋಡಿ ಬೆರಗಾದ. ಮಲ್ಲಾಪುರದಲ್ಲಿ ಅಣು ವಿದ್ಯುತ್ ಸ್ಥಾವರದವರ ಕ್ವಾರ್ಟರ್ಸಿನಲ್ಲಿ ಒಬ್ಬರು ದೊಡ್ಡ ಸಾಹೇಬರಿದ್ದಾರೆ, ಅವರಿಗೂ ಇದೇ ಹುಚ್ಚು, ಗಾಜಿನ ತೊಟ್ಟಿಯಲ್ಲಿ ಕಪ್ಪೆ ಸಾಕಿದ್ದಾರೆ, ಹುಳ ಸಿಗದೆ ಒದ್ದಾಡುತ್ತಿದ್ದಾರೆ ಎಂದ. ಅಪ್ಪನ ಮುಖ ಅರಳಿತು. ಊರಿನವರೆಲ್ಲ ಹುಚ್ಚ ಎಂದು ನಗುತ್ತಿದ್ದಾಗ ತನ್ನಂಥ ಇನ್ನೊಬ್ಬ, ಅದೂ ಓದಿದ ಸಾಹೇಬ, ಇದ್ದಾನೆ ಎಂದರೆ ಸಣ್ಣ ಮಾತೇ?

ಅಂದಿನಿಂದ ವಾರಕ್ಕೊಮ್ಮೆ ದತ್ತಣ್ಣ ಬಂದು ಡಬ್ಬಿ ತುಂಬ ಹುಳ ಒಯ್ಯುತ್ತಿದ್ದ. ಅಪ್ಪ ಡಬ್ಬಿಯ ಜೊತೆಗೆ ಪ್ರಶ್ನೆ ಕಳಿಸುತ್ತಿದ್ದರು. ಸಾಹೇಬರ ಕಪ್ಪೆಯೂ ಗೊಬ್ಬರದ ಹುಳ ಉಗುಳುತ್ತದೆಯೇ? ಗುಡುಗಿದರೆ ಅದೂ ತಿನ್ನುವುದು ಬಿಡುತ್ತದೆಯೇ? ದತ್ತಣ್ಣ ಮುಂದಿನ ವಾರ ಉತ್ತರ ತರುತ್ತಿದ್ದ. ಹೌದಂತೆ, ಹಾಗೇ ಉಗುಳುತ್ತದಂತೆ, ಸಾಹೇಬರು ನಿಮ್ಮನ್ನು ಬಹಳ ಮೆಚ್ಚಿದರು, ನಿಮ್ಮ ಕಾಲು ಹೇಗಿದೆ ಎಂದು ಕೇಳಿದರು. ಒಮ್ಮೆ ಸಾಹೇಬರು ಕಳಿಸಿದ್ದೆಂದು ಒಂದು ಬಿಸ್ಕೀಟಿನ ಪೊಟ್ಟಣವನ್ನೂ ತಂದ. ಅಪ್ಪ ಅದನ್ನು ಒಡೆಯದೆ ದೇವರ ಗೂಡಿನಲ್ಲಿಟ್ಟರು. ವಾರವಿಡೀ ಅದೇ ಮಾತು, ಸಾಹೇಬರು ಹೀಗೆಂದರು, ಅವರಿಗೆ ಇದನ್ನು ಹೇಳಬೇಕು. ನಾನೂ ಅಮ್ಮನೂ ಹಿಲ್ಲೂರಿನ ಬಸ್ಸಿಗೆ ಇನ್ನೂ ದೊಡ್ಡ ಬುಟ್ಟಿ ಹಿಡಿದು ಹೋದೆವು. ಮನೆಯಲ್ಲಿ ಮತ್ತೆ ಮಾತು ಕೇಳುತ್ತಿತ್ತಲ್ಲ, ಅದಕ್ಕೆ ಎಷ್ಟು ಅಗೆದರೂ ಕೈ ನೋಯುತ್ತಿರಲಿಲ್ಲ.

ಒಂದು ದಿನ ದತ್ತಣ್ಣ ನಮ್ಮ ಅಂಗಳದಲ್ಲಿ ನಿಂತು ಹೊಸ ಮೊಬೈಲಿನಲ್ಲಿ ಯಾರ ಜೊತೆಗೋ ತನ್ನ ಮನೆಮಾತು ಕೊಂಕಣಿಯಲ್ಲಿ ಮಾತಾಡುತ್ತಿದ್ದ. ಒಳ್ಳೆಯ ದಪ್ಪ ಮಾಣ್ಕೆ ಇವೆ, ಶನಿವಾರ ಕಳಿಸುತ್ತೇನೆ ಎಂದಂತೆ ಕೇಳಿಸಿತು. ನಮ್ಮ ಕಡೆ ಮಾಣ್ಕಿ ಎಂದರೆ ಮಸಿ ಕಾರುವ ಬಿಳಿ ಮೀನು, ಹೊಟೇಲಿನವರು ಸ್ಕ್ವಿಡ್ ಎನ್ನುವುದು. ಗೋವಾದಲ್ಲಿ ಅದಕ್ಕೆ ಬಹಳ ಬೇಡಿಕೆ, ದತ್ತಣ್ಣನ ಮುಖ್ಯ ವ್ಯಾಪಾರವೇ ಅದು. ಮೀನಿನ ಮನೆಯ ಕಿವಿಗೆ ಮೀನೇ ಕೇಳಿಸುತ್ತದೆ. ಆ ಹೆಸರಿನ ಕೊನೆಯ ಅಕ್ಷರ ಸ್ವಲ್ಪ ಬೇರೆಯಾಗಿತ್ತು, ಅದು ಅವನ ಊರಿನ ರಾಗ ಎಂದುಕೊಂಡೆ.

ಅದಾದ ಮುಂದಿನ ವಾರ ಅವನು ನಮ್ಮ ಕಪ್ಪೆಯನ್ನೇ, ತಾಂಡೇಲನನ್ನೇ, ಕೊಡಿ ಎಂದು ಕೇಳಿದ. ಸಾಹೇಬರಿಗೆ ಒಮ್ಮೆ ಕಣ್ಣಾರೆ ನೋಡುವ ಆಸೆಯಂತೆ, ತೋರಿಸಿ ಎರಡು ದಿನದಲ್ಲಿ ತಂದುಬಿಡುತ್ತೇನೆ ಎಂದ. ನನಗೆ ಮನಸ್ಸಿರಲಿಲ್ಲ. ಅಪ್ಪನಿಗೆ ಗಂಡಿನ ಕಡೆಯವರಿಗೆ ಮಗಳನ್ನು ತೋರಿಸುವಷ್ಟು ಸಂಭ್ರಮ. ಮಡಕೆಗೆ ಒದ್ದೆ ಪಾಚಿ ಹಾಕಿ, ದಾರಿಯಲ್ಲಿ ಹಸಿವಾದೀತೆಂದು ಎರಡು ಹುಳ ಬಿಟ್ಟು, ಬಾಯಿಗೆ ತೆಳು ಬಟ್ಟೆ ಕಟ್ಟಿ, ಟೆಂಪೋದ ಮುಂದಿನ ಸೀಟಿನಲ್ಲಿ ತಾವೇ ಇಟ್ಟರು.

ಎರಡು ದಿನ ಹೋಯಿತು, ವಾರ ಹೋಯಿತು. ಸಾಹೇಬರಿಗೆ ಜ್ವರ ಎಂದ. ಆಮೇಲೆ ರಜೆಯ ಮೇಲೆ ಊರಿಗೆ ಹೋಗಿದ್ದಾರೆ ಎಂದ. ಅಪ್ಪ ದಿನಾ ಸಂಜೆ ಮೆಟ್ಟಿಲ ಕಡೆ ನೋಡುತ್ತ ಕೂರುವರು. ಕೊನೆಗೆ ನಾನೇ ಮಲ್ಲಾಪುರದ ಬಸ್ಸು ಹತ್ತಿದೆ. ಕ್ವಾರ್ಟರ್ಸಿನ ಸಾಲು ಸಾಲಿನಲ್ಲಿ ಕಪ್ಪೆ ಸಾಕಿದ ಸಾಹೇಬರ ಮನೆ ಯಾವುದೆಂದು ಕೇಳುತ್ತ ಅಲೆದೆ. ಕೆಲವರು ನಕ್ಕರು, ಕೆಲವರು ಬಾಗಿಲು ಹಾಕಿಕೊಂಡರು. ಅಂಗಡಿಯವ, ಹಾಲಿನವ, ಶಾಲೆಯ ಆಯಾ, ಯಾರಿಗೂ ಅಂಥ ಮನುಷ್ಯ ಗೊತ್ತಿಲ್ಲ. ಒಬ್ಬ ಹೆಂಗಸು ಪಾಪ ಎನಿಸಿ ಕೂರಿಸಿ ನೀರು ಕೊಟ್ಟಳು. ತಾನು ಈ ಕಾಲೋನಿಗೆ ಮೊದಲು ಬಂದವರಲ್ಲಿ ಒಬ್ಬಳು, ಇಲ್ಲಿ ನಾಯಿ ಸಾಕಿದವರಿದ್ದಾರೆ, ಗಿಳಿ ಸಾಕಿದವರಿದ್ದಾರೆ, ಕಪ್ಪೆ ಸಾಕಿದವರಿಲ್ಲ ಎಂದಳು.

ಬಸ್ಸು ಕಾಳಿ ನದಿಯ ಪಕ್ಕದಲ್ಲಿ ವಾಪಸು ಬರುವಾಗ ನದಿಯ ಮೇಲೆ ಒಂದು ದೋಣಿಯೂ ಇರಲಿಲ್ಲ. ಆಗ ತಲೆಗೆ ಹೊಳೆಯಿತು. ಸಮುದ್ರ ಬಂದ್ ಇರುವಾಗ ಇವನಿಗೆ ಮಾಣ್ಕಿ ಎಲ್ಲಿಂದ ಬಂತು? ಟ್ರೇನಿಂಗಿನಲ್ಲಿ ನನ್ನ ಪಕ್ಕದ ಮಂಚದವಳು ಕುಮಟಾದವಳು. ಹಾಸ್ಟೆಲಿನ ಬಚ್ಚಲಿಗೆ ಕಪ್ಪೆ ಬಂದಾಗ ಅವಳು ಮಾಣ್ಕೊ ಮಾಣ್ಕೊ ಎಂದು ಕಿರುಚುತ್ತಿದ್ದಳು. ಅವರ ಮನೆಮಾತಿನಲ್ಲಿ ಅದು ಕಪ್ಪೆ. ಒಂದಾದರೆ ಮಾಣ್ಕೊ, ಹಲವಾದರೆ ಮಾಣ್ಕೆ. ಗೋವಾದ ಹೊಟೇಲುಗಳಲ್ಲಿ ಮಳೆಗಾಲದಲ್ಲಿ ಕಪ್ಪೆಯ ಕಾಲನ್ನು ಜಂಪಿಂಗ್ ಚಿಕನ್ ಎಂದು ಕದ್ದು ಬಡಿಸುತ್ತಾರೆ ಎನ್ನುವುದು ಕಾರವಾರದಲ್ಲಿ ಯಾರಿಗೆ ಗೊತ್ತಿಲ್ಲ? ಇನ್ನು ಮುಂದೆ ಅವನನ್ನು ದತ್ತಾ ಎಂದೇ ಬರೆಯುತ್ತೇನೆ. ಅಣ್ಣ ಎನ್ನುವ ಮರ್ಯಾದೆ ಇಲ್ಲಿಗೆ ಸಾಕು.

ಮನೆಗೆ ಹೋಗಲಿಲ್ಲ. ಕಾರವಾರದಲ್ಲಿಳಿದು, ಸೇತುವೆ ದಾಟುವ ಇನ್ನೊಂದು ಬಸ್ಸು ಹಿಡಿದು ದೇವಬಾಗಕ್ಕೆ ಹೋದೆ. ಅಲ್ಲಿ ದತ್ತಾನಿಗೆ ಬಲೆ, ಐಸ್ ಇಡುವ ಒಂದು ಶೆಡ್ಡು ಇದೆಯೆಂದು ಗೊತ್ತಿತ್ತು. ಮಧ್ಯಾಹ್ನದ ಮಳೆ, ಕಾವಲಿಗೆ ಯಾರೂ ಇರಲಿಲ್ಲ. ಒಳಗೆ ಸಿಗಡಿ ಸಾಕುವ ಹಳೇ ಸಿಮೆಂಟು ತೊಟ್ಟಿಗಳು, ಮೇಲೆ ಬಲೆ. ಬಲೆಯಡಿ ಒಂದರ ಮೇಲೊಂದು ಕಪ್ಪೆಗಳು. ನಮ್ಮ ಮನೆಯ ಹುಳದ ಡಬ್ಬಿಗಳೇ ಗೋಡೆಗೆ ಒರಗಿದ್ದವು. ನಮ್ಮ ಹುಳ ತಿಂದು ಅವು ದಪ್ಪವಾಗಿದ್ದವು. ಸೀಳು ತುಟಿಯದನ್ನು ಹುಡುಕಿದೆ. ತೊಟ್ಟಿಯಲ್ಲಿರಲಿಲ್ಲ. ಮೂಲೆಯ ಬಕೆಟ್ಟಿನಲ್ಲಿ ಕಾಲು ಕತ್ತರಿಸಿ ಎಸೆದ ಮೈಗಳಿದ್ದವು. ಮೇಲಿನದರ ತುಟಿ ಸೀಳಿತ್ತು.

ಅತ್ತೆನೋ ಇಲ್ಲವೋ ನೆನಪಿಲ್ಲ. ಬಲೆಗಳನ್ನೆಲ್ಲ ಕಿತ್ತು ಎಸೆದದ್ದು ನೆನಪಿದೆ. ತೊಟ್ಟಿಗೆ ಹಲಗೆ ಓರೆಯಾಗಿ ಇಟ್ಟೆ, ಬಾಗಿಲನ್ನು ಪೂರ್ತಿ ತೆರೆದಿಟ್ಟೆ. ಮೊದಲು ಒಂದೆರಡು ಹತ್ತಿದವು, ಆಮೇಲೆ ಒಂದನ್ನೊಂದು ತುಳಿದುಕೊಂಡು ಮಳೆಗೆ ಹಾರಿದವು. ಸಂಜೆಯೊಳಗೆ ಹಿಂದಿನ ಗದ್ದೆಯಲ್ಲಿ ಅವುಗಳ ಕೂಗು ಎಷ್ಟು ಜೋರಾಗಿತ್ತೆಂದರೆ ಮನೆ ಮನೆಯಿಂದ ಜನ ಹೊರಬಂದು, ದತ್ತಾನ ಶೆಡ್ಡಿನಿಂದ ಸಾಲಾಗಿ ಬರುವ ಕಪ್ಪೆಗಳನ್ನು ನಿಂತು ನೋಡಿದರು.

ಅಪ್ಪನಿಗೆ ಸುಳ್ಳು ಹೇಳಲು ನನ್ನಿಂದಾಗಲಿಲ್ಲ. ನಮ್ಮ ಮನೆಗೆ ಬಂದ ಸುಳ್ಳು ಸಾಕಾಗಿತ್ತು. ತಾಂಡೇಲ ಇಲ್ಲ ಎಂದೆ. ಸಾಹೇಬರು ಎನ್ನುವವರೂ ಇಲ್ಲ, ಯಾವತ್ತೂ ಇರಲಿಲ್ಲ ಎಂದೆ. ಅಪ್ಪ ತಮ್ಮ ಕಾಲನ್ನೇ ನೋಡುತ್ತ ಕೇಳಿದರು.

"ಹಂಗಾರೆ ಇಷ್ಟ್ ದಿವ್ಸ ನನ್ ಕೂಡೆ ಮಾತಾಡ್ತಾ ಇದ್ದದ್ದು ಯಾರೆ ಮಗಾ?"

ಮರುದಿನ ಅವರು ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿ ಕೂತರು. ಐಸ್ ಪೆಟ್ಟಿಗೆಯ ಮೇಲೆ ತಾಡಪಾಲು ಎಳೆಯಲು ಆಮೇಲೆ ಯಾವತ್ತೂ ಏಳಲಿಲ್ಲ. ಒಳಗಿದ್ದ ಹುಳಗಳನ್ನು ನಾನು ಹಿಲ್ಲೂರಿಗೆ ಒಯ್ದು ಬಾಳೆಯ ಬುಡದಲ್ಲಿ ಬಿಟ್ಟು ಬಂದೆ.

ಕಪ್ಪೆ ಹಿಡಿಯುವುದು ಅಪರಾಧ, ಅರಣ್ಯ ಇಲಾಖೆಗೆ ದೂರು ಕೊಡುತ್ತೇನೆ ಎಂದು ಹೊರಟಾಗ ಅಮ್ಮ ಬಾಗಿಲಲ್ಲಿ ಅಡ್ಡ ನಿಂತಳು.

"ದಂಡ ಕಟ್ಟಿ ನಗ್ತಾ ಹೋಗ್ತ ಅಂವ. ಬಾಯಲ್ಲಿ ಮಾಡಿದ್ದಾನೆ, ಬಾಯಲ್ಲೇ ತಿನ್ಲಿ."

ನನ್ನ ಅಮ್ಮ ಎಂಥ ಹೆಂಗಸು ಎಂದು ನನಗೆ ಗೊತ್ತಾದದ್ದು ಆ ವರ್ಷ. ಬಂದ್ ಮುಗಿದು ಬೋಟುಗಳು ಮತ್ತೆ ಇಳಿದವು. ಹರಾಜಿನ ಕಟ್ಟೆಯ ಮೇಲೆ ದತ್ತಾ ಬಿಳಿ ಅಂಗಿ ಹಾಕಿಕೊಂಡು ಬಂದು ನಿಂತ. ಮೀನಿನ ರಾಶಿ ಬಿತ್ತು. ಮಾಣ್ಕಿ ನನಗೆ ಎಂದು ಕೂಗಿದ. ಬುಟ್ಟಿಗಳ ಸಾಲಿನ ಹಿಂದೆ ಕೂತಿದ್ದ ಅಮ್ಮ ಗಂಟಲು ಉಬ್ಬಿಸಿ, ವಟರ್ ಎಂದಳು. ಅವಳ ಪಕ್ಕದವಳು ವಟರ್ ಎಂದಳು. ಆಮೇಲೆ ಇಡೀ ಸಾಲು. ಅಮ್ಮ ಒಬ್ಬೊಬ್ಬಳ ಮನೆಗೂ ಹೋಗಿ ಕತೆ ಹೇಳಿ ಬಂದಿದ್ದಳು. ನಾನು ಕಂಬಕ್ಕೆ ಒರಗಿ ನಿಂತು ಅವನ ಮುಖ ಕೆಂಪಾಗುವುದನ್ನು ನೋಡಿದೆ. ಮದುವೆಯೂಟ ಉಂಡಷ್ಟು ಹೊಟ್ಟೆ ತುಂಬಿತು.

ಮೀನಿನ ವ್ಯಾಪಾರದವನು ತನ್ನ ಮೀನಿನ ಹೆಸರು ಹೇಳದೆ ಬದುಕುವುದು ಹೇಗೆ? ಅವನು ಮಾಣ್ಕಿ ಎಂದಾಗಲೆಲ್ಲ ಕಟ್ಟೆ ವಟಗುಟ್ಟುತ್ತಿತ್ತು. ಆ ಬಿಳಿದು ಎಂದು ಕೈ ತೋರಿಸಿ ನೋಡಿದ. ಯಾವ ಬಿಳಿದು, ಹೆಸರು ಹೇಳ್ರಿ ಎಂದರು ಹೆಂಗಸರು. ಆಳನ್ನು ಕಳಿಸಿದ, ಆಳು ತಾನೇ ನಕ್ಕುಬಿಟ್ಟ. ಗೋವಾದಿಂದ ಬಂದವರ ಎದುರೂ ಅದೇ. ಒಂದೆರಡು ವರ್ಷದಲ್ಲಿ ಮಾಣ್ಕಿಯ ವ್ಯಾಪಾರ ಬಿಟ್ಟ, ಆಮೇಲೆ ಟೆಂಪೋ ಮಾರಿ ಊರಿನಲ್ಲೇ ಸಣ್ಣ ಮೀನು ವ್ಯಾಪಾರಕ್ಕೆ ಇಳಿದ. ಮಾಣ್ಕಿದತ್ತಾ ಎಂಬ ಹೆಸರು ಮಾತ್ರ ಅವನ ಅಂಗಿಗಿಂತ ಗಟ್ಟಿಯಾಗಿ ಮೈಗೆ ಅಂಟಿತು. ಅಷ್ಟರಲ್ಲಿ ನನಗೆ ನೇಮಕ ಬಂತು. ಅಪ್ಪ ಇನ್ನೂ ಆರೇಳು ಮಳೆಗಾಲ ಬದುಕಿದ್ದರು, ಹೂಂ ಎನ್ನುತ್ತ. ಅಮ್ಮನೂ ಹೋಗಿ ಈಗ ಕೆಲವು ವರ್ಷಗಳಾದವು.

ಹೋದ ತಿಂಗಳು, ಕೈತೋಟದ ಗುಂಡಿ ತೋಡಿಸಿದ ಎರಡು ದಿನಕ್ಕೆ, ಒಬ್ಬ ಮುದುಕ ನನ್ನ ಮನೆಯ ಬಾಗಿಲಿಗೆ ಬಂದ. ಕೈಯಲ್ಲಿ ಬಾಳೆಹಣ್ಣಿನ ಚಿಪ್ಪು. ದನಿಯಿಂದ ಗುರುತು ಹಿಡಿದೆ. ಮೀನು ವ್ಯಾಪಾರಿಗಳ ಸಂಘದ ಚುನಾವಣೆಗೆ ನಿಂತಿದ್ದಾನಂತೆ. ಹೆಂಗಸರ ಓಟೇ ಹೆಚ್ಚು, ಅವರು ತನ್ನನ್ನು ಕಂಡರೆ ಮಾತು ಕೇಳುವುದಿಲ್ಲ, ಕಪ್ಪೆಯ ಹಾಗೆ ಕೂಗುತ್ತಾರೆ, ನೀವು ಶಾಲೆಯ ಅಕ್ಕೋರು, ಆ ಅಮ್ಮನ ಮಗಳು, ನೀವು ಹೋಗಿ ನನ್ನ ಬಗ್ಗೆ ಒಂದು ಮಾತು ಹೇಳಿದರೆ ಬಿಡುತ್ತಾರೆ ಎಂದ. ನಾನು ಬಾಗಿಲಿಗೆ ಅಡ್ಡ ನಿಂತೇ ಇದ್ದೆ, ಒಳಗೆ ಕರೆಯಲಿಲ್ಲ.

"ಒಂದ್ ಕಪ್ಪೆ ಸಲುವಾಗಿ ಇಷ್ಟ್ ವರ್ಷದ ಸಿಟ್ಟಾ ಅಕ್ಕೋರೆ?"

ಕಪ್ಪೆಗಾಗಿ ಅಲ್ಲ, ಸಾಹೇಬರಿಗಾಗಿ ಎಂದೆ.

"ಯಾವ ಸಾಹೇಬ್ರು?"

ನಾಟಕವಲ್ಲ. ಅವನ ಮುಖ ಚೆನ್ನಾಗಿ ನೋಡಿದೆ. ನಿಜವಾಗಿಯೂ ಮರೆತಿದ್ದ. ನನ್ನ ಅಪ್ಪ ಸಾಯುವ ತನಕ ಯಾರೆಂದು ಕೇಳಿಕೊಂಡ ಆ ಮನುಷ್ಯನನ್ನು ಇವನು ಒಂದು ಡಬ್ಬಿ ಹುಳಕ್ಕಾಗಿ ಹುಟ್ಟಿಸಿ, ಕೆಲಸ ಮುಗಿದ ಮೇಲೆ ಮರೆತೇಬಿಟ್ಟಿದ್ದ. ಅವನು ಮೆಟ್ಟಿಲ ಮೇಲಿಟ್ಟಿದ್ದ ಬಾಳೆಹಣ್ಣನ್ನು ವಾಪಸು ಅವನ ಕೈಗಿಟ್ಟೆ. ಆಗಲಿ, ನಾಳೆಯೇ ಪೇಟೆಗೆ ಹೋಗಿ ನಿಮ್ಮ ಬಗ್ಗೆ ಹೇಳುತ್ತೇನೆ ಎಂದೆ. ಅವನು ಕೈ ಮುಗಿದು ಹೋದ.

ಮಾತಿಗೆ ತಪ್ಪಲಿಲ್ಲ. ಮರುದಿನ ಬೆಳಿಗ್ಗೆ ಶಾಲೆಗೆ ರಜೆ ಹಾಕಿ ಮೀನುಪೇಟೆಗೆ ಹೋದೆ. ಈಗ ಅಲ್ಲಿ ಕೂರುವವರೆಲ್ಲ ಹೊಸಬರು, ಅಮ್ಮನ ಗೆಳತಿಯರ ಸೊಸೆಯಂದಿರು, ಮೊಮ್ಮಕ್ಕಳು. ದತ್ತಾನನ್ನು ಕಂಡರೆ ವಟರ್ ಎನ್ನಬೇಕು ಎನ್ನುವುದು ಅವರಿಗೆ ಗೊತ್ತು, ಯಾಕೆಂದು ಗೊತ್ತಿಲ್ಲ. ಹಿಂದಿನವರು ಅನ್ನುತ್ತಿದ್ದರು, ನಾವೂ ಅನ್ನುತ್ತೇವೆ, ಪಾಪ ಮುದುಕ, ಇನ್ನು ಬಿಡುವಾ ಎಂದುಕೊಂಡಿದ್ದೆವು ಎಂದಳು ಒಬ್ಬಳು. ಅವಳ ಪಕ್ಕದ ಮಣೆಯ ಮೇಲೆ ಕೂತೆ. ಮೀನು ಕೊಯ್ಯುವ ಕತ್ತಿಗಳು ನಿಂತವು, ಒಬ್ಬೊಬ್ಬರಾಗಿ ಹತ್ತಿರ ಸರಿದರು. ಅಪ್ಪನ ಕಾಲಿನಿಂದ ಶುರು ಮಾಡಿ ಎಲ್ಲವನ್ನೂ ಹೇಳಿದೆ.